ಟೀ ಕಪ್ ಹಿಡಿದು ನಿಂತಿದ್ದ ಹುಡುಗಿ

ಸುಮಾ (ಹೆಸರು ಬದಲಿಸಿದ್ದೇನೆ) ಹಾಸನದ ಕಡೆಯವಳು. ಎಲೆಕ್ಟ್ರಿಕಲ್ ಇಂಜಿನಿಯರಿಂಗ್, ಮೂರನೇ ವರ್ಷ. ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕಿದವರನ್ನೆಲ್ಲ ಬೆಂಗಳೂರಿನ ಒಂದು ಕಂಪನಿ ಪರಿಚಯ ಕೂಟಕ್ಕೆ ಕರೆದಿತ್ತು. ಒಬ್ಬ ಇಂಜಿನಿಯರ್, ಸುತ್ತ ಎಂಟು ವಿದ್ಯಾರ್ಥಿಗಳು. "ಮುಕ್ಕಾಲು ಗಂಟೆ ಟೀ ಕಪ್ ಹಿಡ್ಕೊಂಡು ನಿಂತಿದ್ದೆ ಮೇಡಂ, ಒಂದು ಮಾತೂ ಬರಲಿಲ್ಲ" ಎಂದು ನನ್ನೆದುರು ಅತ್ತಳು. ಮುಂದಿನ ವಾರ ಇನ್ನೊಂದು ಕಂಪನಿಯ ಕೂಟವಿತ್ತು. ಇಂಗ್ಲಿಷ್ ಸರಿಯಿಲ್ಲ, ಹೋಗಲ್ಲ ಅಂತ ಹಟ.

ಆ ಎರಡನೇ ಕಂಪನಿ ಏನು ಮಾಡುತ್ತದೆ ಎಂದು ಕೇಳಿದೆ. ಪಂಪ್‌ಸೆಟ್‌ಗೆ ಸ್ಟಾರ್ಟರ್, ಪ್ಯಾನೆಲ್ ಬೋರ್ಡ್ ಎಂದಳು. ಮಾತಿನ ನಡುವೆ ಅವಳ ಅಪ್ಪನದು ಮೋಟಾರ್ ರಿವೈಂಡಿಂಗ್ ಅಂಗಡಿ, ಅಂದರೆ ಸುಟ್ಟ ಮೋಟಾರ್‌ಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಎಂದು ಗೊತ್ತಾಯಿತು. ಆಮೇಲೆ ನಾನು ಸುಮ್ನೆ ಕೇಳುತ್ತಾ ಕೂತೆ. ಮೂರು ಫೇಸ್‌ನಲ್ಲಿ ಒಂದು ಹೋದರೂ ಮೋಟಾರ್ ಓಡುತ್ತಲೇ ಇರುತ್ತದೆ. ಉಳಿದ ಎರಡರಲ್ಲಿ ಕರೆಂಟ್ ಜಾಸ್ತಿ ಹರಿದು ವೈಂಡಿಂಗ್ (ಒಳಗಿನ ತಂತಿ ಸುರುಳಿ) ಸುಟ್ಟುಹೋಗುತ್ತದೆ. ಅದನ್ನು ತಡೆಯಲು, ಫೇಸ್ ಹೋದ ಕೂಡಲೇ ಮೋಟಾರ್ ನಿಲ್ಲಿಸುವ ಪ್ರಿವೆಂಟರ್ ಎಂಬ ಸಾಧನ ಇದ್ದರೂ, ಮೋಟಾರ್ ಪದೇ ಪದೇ ನಿಲ್ಲುತ್ತದೆ ಅಂತ ಎಷ್ಟೋ ರೈತರು ಅದನ್ನು ತೆಗೆಸಿಬಿಡುತ್ತಾರಂತೆ. ಇದನ್ನೆಲ್ಲ ಹೇಳುವಾಗ ಅವಳ ದನಿಯಲ್ಲಿ ಅಳುಕೇ ಇರಲಿಲ್ಲ.

"ಇದನ್ನೇ ಪ್ರಶ್ನೆ ಮಾಡಮ್ಮ" ಎಂದೆ. ರೈತರು ಪ್ರಿವೆಂಟರ್ ತೆಗೆಸದ ಹಾಗೆ ನೀವು ಏನು ಮಾಡುತ್ತೀರಿ, ಅಷ್ಟೇ. ಎರಡು ವಾಕ್ಯದ ಇಂಗ್ಲಿಷ್ ಸಾಕು. ಅದನ್ನು ಹತ್ತು ಸಲ ಜೋರಾಗಿ ಹೇಳಿಸಿದೆ. ಕಾಲೇಜುಗಳಲ್ಲಿ ಬಾಯಿಪಾಠ ಮಾಡಿಸುವ ಸ್ವಪರಿಚಯದ ಭಾಷಣ ನನಗೆ ಇಷ್ಟವಿಲ್ಲ. ಎಂಟೂ ಜನ ಅದನ್ನೇ ಒಪ್ಪಿಸಿದರೆ ಯಾರ ನೆನಪು ಉಳಿಯುತ್ತೆ ಹೇಳಿ?

ಇನ್ನೂ ಕೆಲವು ಮಾತು ಹೇಳಿದೆ. ಕೂಟ ತುಂಬುವ ಮುಂಚೆಯೇ ಹೋಗು, ಇಬ್ಬರು ಮೂವರಿದ್ದಾಗ ಮಾತು ಸುಲಭ. ಇನ್ನೊಬ್ಬರ ಮಾತು ಮುಗಿಯಲಿ, "ಅವರು ಹೇಳಿದ್ದಕ್ಕೆ ಸೇರಿಸಿ ಕೇಳುತ್ತೇನೆ" ಎಂದು ಶುರು ಮಾಡು. ನಿನ್ನ ಹಾಗೇ ಯಾರಾದರೂ ಮೂಲೆಯಲ್ಲಿ ನಿಂತಿದ್ದರೆ ಪಕ್ಕಕ್ಕೆ ಸರಿದು ಜಾಗ ಕೊಡು. ಆ ಸಂಕಟ ನಿನಗೆ ಗೊತ್ತಲ್ವಾ? ಸ್ಟೈಪೆಂಡ್ ವಿಷಯ ಅಲ್ಲಿ ಬೇಡ, ಅದನ್ನು ಎಚ್‌ಆರ್ ಹತ್ತಿರ ಕೇಳಬಹುದು. ಅದೇ ರಾತ್ರಿ ಮೂರು ಸಾಲಿನ ಮೇಲ್ ಕಳಿಸು, ನಡೆದ ಮಾತನ್ನು ನೆನಪಿಸಿ.

ಹೋಗಿ ಬಂದಳು. ಮೊದಲ ವಾಕ್ಯದಲ್ಲೇ ತಡವರಿಸಿದಳಂತೆ. ಇಂಜಿನಿಯರ್ ತಾವೇ ಕನ್ನಡಕ್ಕೆ ತಿರುಗಿ, "ಅಂಗಡಿಗೆ ತಿಂಗಳಿಗೆ ಎಷ್ಟು ಸುಟ್ಟ ಮೋಟಾರ್ ಬರುತ್ತೆ?" ಅಂದರಂತೆ. ಆಯ್ಕೆ ಪಟ್ಟಿ ಇನ್ನೂ ಬಂದಿಲ್ಲ. ಸುಮಾ ಮಾತ್ರ ಅಪ್ಪನ ರಸೀದಿ ಪುಸ್ತಕ ತೆಗೆದು ಲೆಕ್ಕ ಹಾಕುತ್ತಿದ್ದಾಳೆ.