ಅಡಕತ್ತರಿ ಅಂದ್ರೆ ಸಿಕ್ಕಿಹಾಕಿಕೊಂಡ ಕತ್ತರಿ!

ಮುಂಬೈ ಹತ್ತಿರದ ಡೊಂಬಿವಲಿಯ ಓದುಗರೊಬ್ಬರು ಬರೆಯುತ್ತಾರೆ: ‘ಕಳೆದ ಸಂಚಿಕೆಯ ಕಥೆಯಲ್ಲಿದ್ದ ಮೂರು ಪದಗಳ ಅರ್ಥ ಏನೆಂದು ಮನೆಯಲ್ಲಿ ಕೇಳಿದೆ. ಹಗೇವು ಅಂದರೆ ಹಗೆ ಸಾಧಿಸುವವನು ಎಂದಳು ಸೊಸೆ. ನಾಗಂದಿಗೆ ಅಂದರೆ ನಾಗರ ಪಂಚಮಿಯ ಉಂಡೆ ಎಂದರು ಪಕ್ಕದ ಮನೆಯವರು. ಅಡಕತ್ತರಿ ಅಂದರೆ ಸಿಕ್ಕಿಹಾಕಿಕೊಂಡ ಕತ್ತರಿ ಎಂದ ಮೊಮ್ಮಗ! ನಗಬೇಕೋ ಅಳಬೇಕೋ? ಇಂಥ ಪದಗಳಿಗೆ ಪುಟದ ಕೆಳಗೇ ಅರ್ಥ ಕೊಡಬಾರದೇ?’

ಧಾರಾಳವಾಗಿ ನಗಿ ಸ್ವಾಮಿ, ನಾವೂ ನಕ್ಕೆವು. ಆದರೆ ಮೊಮ್ಮಗನಿಗೆ ನಮ್ಮ ಕಡೆಯಿಂದ ಒಂದು ಶಾಭಾಸ್ ಹೇಳಿಬಿಡಿ. ಮರಾಠಿಯಲ್ಲಿ ‘ಅಡಕಣೆ’ ಅಂದರೆ ಸಿಕ್ಕಿಕೊಳ್ಳುವುದು, ‘ಕಾತ್ರಿ’ ಅಂದರೆ ಕತ್ತರಿ. ಡೊಂಬಿವಲಿಯ ಹುಡುಗ ಎರಡನ್ನೂ ಕೂಡಿಸಿದ, ಅಷ್ಟೇ. ತಮಾಷೆ ಏನಂದ್ರೆ, ಎರಡೂ ಕಡೆಯಿಂದ ಒತ್ತಡಕ್ಕೆ ಸಿಲುಕಿದವರನ್ನು ನಾವೇ ‘ಅಡಕತ್ತರಿಯಲ್ಲಿ ಸಿಕ್ಕಿಕೊಂಡರು’ ಅನ್ನುತ್ತೇವೆ, ಅಲ್ವಾ? ನಿಜವಾಗಿ ಅಡಕತ್ತರಿ ಅಂದರೆ ಅಡಿಕೆ ಹೋಳು ಮಾಡುವ ಸಾಧನ. ಅದಕ್ಕೆ ಮರಾಠಿಯವರು ಅಡಕಿತ್ತಾ ಅನ್ನುತ್ತಾರೆ. ಆ ಮಾತು ಕನ್ನಡದಿಂದಲೇ ಹೋದದ್ದು.

ನಾಗಂದಿಗೆ ಗೋಡೆಗೆ ಹೊಡೆದ ಹಲಗೆ. ಡಬ್ಬಿ, ಪಾತ್ರೆ ಇಡೋದಕ್ಕೆ. ಉಂಡೆಯ ಡಬ್ಬಿಯನ್ನೂ ಇಡಬಹುದು, ಪಕ್ಕದ ಮನೆಯವರಿಗೆ ಬೇಜಾರು ಬೇಡ.

ಹಗೇವು ನೆಲದಡಿಯ ಕಣಜ. ಉತ್ತರ ಕರ್ನಾಟಕದಲ್ಲಿ ಆಳದ ಗುಂಡಿ ತೋಡಿ, ಸುತ್ತ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಬಾಯಿ ತೆಗೆದ ಕೂಡಲೇ ಒಳಗಿಳಿಯುವಂತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಕಾಯಬೇಕು. ಅವಸರ ಮಾಡಿ ಇಳಿದರೆ ಉಸಿರುಗಟ್ಟಿ ಪ್ರಾಣವೇ ಹೋಗಬಹುದು. ಸೊಸೆ ಹೇಳಿದ ಹಗೆ ತೀರಾ ದೂರದ್ದೇನಲ್ಲ ಅನ್ನಿ!

ಇನ್ನು, ಮನೆಮಂದಿಯನ್ನಷ್ಟೇ ನೋಡಿ ಯಾಕೆ ನಗೋದು? ಪೋರ್ಚುಗೀಸರು ‘ಬೊಂ ಬಹಿಯಾ’, ಅಂದರೆ ಒಳ್ಳೇ ಕೊಲ್ಲಿ, ಅಂದದ್ದಕ್ಕೇ ಬಾಂಬೆ ಎಂಬ ಹೆಸರು ಬಂತೆಂದು ಓದಿದವರೂ ಹೇಳುತ್ತಾರೆ. ಆ ಭಾಷೆಯಲ್ಲಿ ಬಹಿಯಾ ಸ್ತ್ರೀಲಿಂಗ. ಅದಕ್ಕೆ ‘ಬೊಂ’ ಸೇರುವುದಿಲ್ಲ, ‘ಬೋವಾ’ ಬೇಕು. ಬೆಂಗಳೂರಿನ ಬೆಂದಕಾಳಿನ ಕಥೆಯೂ ಅಷ್ಟೆ. ಅಜ್ಜಿ ಕಾಳು ಬಡಿಸಿದ್ದು ಹೊಯ್ಸಳರ ಎರಡನೇ ವೀರಬಲ್ಲಾಳನಿಗಂತೆ. ಅವನು ಪಟ್ಟಕ್ಕೆ ಬಂದದ್ದು 1173ರಲ್ಲಿ. ಬೇಗೂರಿನ ಶಾಸನದಲ್ಲಿ ಬೆಂಗಳೂರು ಎಂಬ ಹೆಸರು ಸುಮಾರು 890ರಲ್ಲೇ ಇದೆ. ಅಜ್ಜಿ ಒಲೆ ಹಚ್ಚುವ ಹೊತ್ತಿಗೆ ಊರಿಗೆ ನಾಮಕರಣ ಆಗಿ ಎಷ್ಟೋ ತಲೆಮಾರು ಕಳೆದಿತ್ತು.

ಪುಟದ ಕೆಳಗೆ ಅರ್ಥ ಕೊಡುವುದಿಲ್ಲ. ಕೊಟ್ಟಿದ್ದರೆ ನಿಮ್ಮ ಮನೆಯಲ್ಲಿ ಇಷ್ಟು ಮಾತೇ ನಡೆಯುತ್ತಿರಲಿಲ್ಲ. ಬೇಕಾದರೆ ಕೊನೆಯ ಪುಟದಲ್ಲಿ ಹಾಕೋಣ. ಆತುರದವರಿಗೆ 1894ರ ಕಿಟೆಲ್ ನಿಘಂಟು ಇದ್ದೇ ಇದೆ. ಮುಂದಿನ ಸಂಚಿಕೆಯಲ್ಲಿ ‘ಮಿಳ್ಳೆ’ ಬರುತ್ತದೆ. ಮೊದಲು ಸೊಸೆಯನ್ನೇ ಕೇಳಿ, ಉತ್ತರ ನಮಗೂ ಬರೆದು ಕಳಿಸಿ.

— ಸಂಪಾದಕ