ಅನ್ನ ಬಿಡುವ ಮೊದಲು ಒಂದು ರಕ್ತಪರೀಕ್ಷೆ

ಉಂಡೊಡನೆ ಹೊಟ್ಟೆ ಉಬ್ಬರಿಸುತ್ತದೆ, ದಿನಕ್ಕೆ ನಾಲ್ಕೈದು ಬಾರಿ ಭೇದಿಯಾಗುತ್ತದೆ, ಅನ್ನವೂ ಸೇರಿದಂತೆ ಎಲ್ಲ ಧಾನ್ಯಗಳನ್ನು ಬಿಡಿಸುವ ‘ಸ್ಪೆಸಿಫಿಕ್ ಕಾರ್ಬೋಹೈಡ್ರೇಟ್ ಡಯಟ್’ ಎಂಬ ಪಥ್ಯವನ್ನು ಮಂಗಳೂರಿನಲ್ಲಿದ್ದುಕೊಂಡು ನಡೆಸುವುದು ಹೇಗೆ ಎಂದು ಕೇಳಿದ್ದೀರಿ. ಆರು ವರ್ಷಗಳ ಹಿಂದೆ ಉಡುಪಿಯಲ್ಲಿ ನಾನು ಯಾರನ್ನೂ ಕೇಳದೆ ಅದೇ ಪಥ್ಯವನ್ನು ಆರಂಭಿಸಿದ್ದೆ.

ಅಕ್ಕಿ, ಗೋಧಿ, ಆಲೂಗಡ್ಡೆ, ಸಕ್ಕರೆ, ಹಾಲು ಎಲ್ಲವನ್ನೂ ಒಂದೇ ದಿನ ನಿಲ್ಲಿಸಿದೆ. ಬಾದಾಮಿ ಹಿಟ್ಟಿನ ರೊಟ್ಟಿ, 24 ಗಂಟೆ ಹೆಪ್ಪುಗಟ್ಟಿಸಿದ ಮೊಸರು, ಜೇನು, ಚೆನ್ನಾಗಿ ಕಳಿತ ಬಾಳೆಹಣ್ಣು ಇಷ್ಟೇ ನನ್ನ ಊಟವಾಯಿತು. ಜ್ವರ ಬಂದಾಗಲೂ ಕುಚ್ಚಲಕ್ಕಿ ಗಂಜಿ ಬೇಡವೆನ್ನುವ ಮಗನನ್ನು ಕಂಡು ಅಮ್ಮ ಕಂಗಾಲಾದರು. ಆದರೆ ಮೂರನೆಯ ವಾರಕ್ಕೆ ಭೇದಿ ನಿಂತಿತು. ಅಕ್ಕಿಯೇ ಅಪರಾಧಿ ಎಂದು ತೀರ್ಮಾನಿಸಿ ಎಂಟು ತಿಂಗಳು ಹಾಗೆಯೇ ಕಳೆದೆ. ತೂಕ ಒಂಬತ್ತು ಕಿಲೋ ಇಳಿದಾಗ ವೈದ್ಯರ ಬಳಿಗೆ ಹೋದೆ.

ನಾನು ಎಡವಿದ್ದು ಪಥ್ಯದಲ್ಲಲ್ಲ, ಪರೀಕ್ಷೆಗೆ ಮೊದಲೇ ಪಥ್ಯ ಹಿಡಿದದ್ದರಲ್ಲಿ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿಗೆ ದೇಹ ಕೆರಳಿ ಸಣ್ಣ ಕರುಳಿನ ಒಳಪದರವನ್ನು ಕೆಡಿಸಿಕೊಳ್ಳುವ ಕಾಯಿಲೆಯೇ ಸೀಲಿಯಾಕ್. ಅದನ್ನು ಪತ್ತೆಹಚ್ಚುವ ಟಿಟಿಜಿ ರಕ್ತಪರೀಕ್ಷೆಯು, ಗೋಧಿಯ ಗ್ಲುಟೆನ್‌ಗೆ ಕೆರಳಿದ ದೇಹ ಹುಟ್ಟಿಸುವ ಪ್ರತಿಕಾಯಗಳನ್ನು ಅಳೆಯುತ್ತದೆ. ಗೋಧಿ ಬಿಟ್ಟು ತಿಂಗಳುಗಳು ಕಳೆದರೆ ಆ ಪ್ರತಿಕಾಯಗಳು ಇಳಿಯುತ್ತವೆ, ಸಣ್ಣ ಕರುಳಿನ ಒಳಪದರವೂ ಚೇತರಿಸಿಕೊಳ್ಳತೊಡಗುತ್ತದೆ, ಆಗ ಕಾಯಿಲೆ ಇದ್ದವನಿಗೂ ಇಲ್ಲವೆಂಬ ವರದಿ ಬರಬಹುದು. ನನಗೆ ಬಂದದ್ದು ಅಂಥದೇ ವರದಿ. ಗೋಧಿ ಬಿಟ್ಟು ಎಷ್ಟು ದಿನವಾಯಿತು ಎಂದು ವೈದ್ಯರು ಕೇಳಿದರು, ಹೇಳಿದೆ. ಆರು ವಾರ ದಿನವೂ ಎರಡು ಚಪಾತಿ ತಿಂದು ಮತ್ತೆ ಬನ್ನಿ ಎಂದರು. ಆ ಆರು ವಾರಗಳಲ್ಲಿ ಅರ್ಧಕ್ಕರ್ಧ ರಜೆ ಹಾಕಿ ಶೌಚಾಲಯದ ಪಕ್ಕದ ಕೋಣೆಯಲ್ಲೇ ಮಲಗಿದ್ದೆ. ಎರಡನೆಯ ಪರೀಕ್ಷೆಯಲ್ಲಿ ಪ್ರತಿಕಾಯ ಏರಿತ್ತು, ಎಂಡೋಸ್ಕೋಪಿಯಲ್ಲಿ ತೆಗೆದ ಕರುಳಿನ ಚೂರು ಕಾಯಿಲೆಯನ್ನು ಖಚಿತಪಡಿಸಿತು.

ಅಕ್ಕಿಯಲ್ಲಿ ಆ ಗ್ಲುಟೆನ್ ಇಲ್ಲವೇ ಇಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ ಬಂತೆಂದು ಹೆದರಿ ನಾನು ರಾತ್ರಿಯ ಅನ್ನದ ಬದಲು ರೂಢಿಸಿಕೊಂಡಿದ್ದ ಚಪಾತಿ, ಗೋಧಿಯದೇ ಮೈದಾದಿಂದ ಮಾಡಿದ ಸಂಜೆಯ ಗೋಳಿಬಜೆ, ಬನ್ಸ್ ಇವೇ ನನ್ನನ್ನು ಕಾಡಿದ್ದವು. ನೀವು ಮೆಚ್ಚಿರುವ ಪಥ್ಯದ ಮೂಲದಲ್ಲೂ ಇದೇ ತಪ್ಪು ಎಣಿಕೆಯಿದೆ. ನ್ಯೂಯಾರ್ಕಿನ ಮಕ್ಕಳ ವೈದ್ಯ ಸಿಡ್ನಿ ಹಾಸ್ 1924ರಲ್ಲಿ ಸೀಲಿಯಾಕ್ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಕೊಟ್ಟು ಗುಣ ಕಂಡರು, ಪಿಷ್ಟವೇ ದೋಷಿ ಎಂದು ನಂಬಿದರು. ಗೋಧಿಯೇ ಕಾರಣವೆಂದು ಡಚ್ ವೈದ್ಯ ವಿಲ್ಲೆಮ್ ಡಿಕೆ 1950ರ ತಮ್ಮ ಪ್ರಬಂಧದಲ್ಲಿ ತೋರಿಸಿಕೊಟ್ಟರು.

ಆದ್ದರಿಂದ ಅನ್ನವಿಲ್ಲದೆ ಬದುಕುವುದು ಹೇಗೆಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಈಗ ತಿನ್ನುತ್ತಿರುವುದನ್ನೆಲ್ಲ ತಿನ್ನುತ್ತಲೇ ಜೀರ್ಣಾಂಗ ತಜ್ಞರನ್ನು ಕಂಡು ಪರೀಕ್ಷೆ ಮಾಡಿಸಿಕೊಳ್ಳಿ. ಸೀಲಿಯಾಕ್ ಇಲ್ಲವೆಂದಾದರೆ, ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಫಾಡ್‌ಮ್ಯಾಪ್ ಪಥ್ಯದ ಬಗ್ಗೆ ಆ ತಜ್ಞರನ್ನೇ ಕೇಳಿ. ಅದು ಕರುಳಿನಲ್ಲಿ ಹುದುಗಿ ಹೊಟ್ಟೆ ಉಬ್ಬರಿಸಬಲ್ಲ ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು, ಹೆಚ್ಚಿನ ಬೇಳೆಕಾಳುಗಳನ್ನು ಕೆಲವೇ ವಾರ ಬಿಡಿಸಿ ಒಂದೊಂದಾಗಿ ಮರಳಿಸುತ್ತದೆ, ಅನ್ನವನ್ನು ಮುಟ್ಟುವುದಿಲ್ಲ. ಚಾತುರ್ಮಾಸ್ಯದಲ್ಲಿ ತಿಂಗಳಿಗೊಂದರಂತೆ ತರಕಾರಿ, ಮೊಸರು, ಹಾಲು, ದ್ವಿದಳ ಬಿಡುವ ಮನೆಗಳಿರುವ ಊರಿನವರಿಗೆ ಇದು ಹೊಸದೇನಲ್ಲ.

ಸೀಲಿಯಾಕ್ ಎಂದೇ ಬಂದರೆ ನೀರುದೋಸೆಗೂ ಗಂಜಿಗೂ ಹೆದರಬೇಕಿಲ್ಲ, ಸಾರಿನ ಒಗ್ಗರಣೆಗೆ ಹೆದರಬೇಕು: ಅಂಗಡಿಯ ಇಂಗಿನಲ್ಲಿ ಗೋಧಿ ಹಿಟ್ಟು ಬೆರೆತಿರುವುದೇ ಹೆಚ್ಚು, ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರ ಓದಿಯೇ ಕೊಳ್ಳಿ.