ಲಿಲ್ಲಿ ಎಲೆ ತಿನ್ನುವ ಕೆಂಪು ದುಂಬಿ

ಪ್ರಶ್ನೆ: ಮೇಡಂ, ನಾವು ಬಾಸ್ಟನ್ ಹತ್ತಿರ ಇದ್ದೇವೆ. ಹಿತ್ತಲಿನ ಲಿಲ್ಲಿ ಗಿಡಗಳ ತುಂಬಾ ಕುಂಕುಮದಂಥ ಕೆಂಪು ದುಂಬಿಗಳು. ಎಲೆಗಳ ಮೇಲೆ ಸಗಣಿಯಂಥ ಮುದ್ದೆ ಬೇರೆ. ಏನು ಮಾಡಲಿ?

ಉತ್ತರ: ಮಗಳ ಮನೆಗೆ ಹೋದಾಗ ನಾನೂ ಇದರ ಜೊತೆ ಗುದ್ದಾಡಿದ್ದೇನೆ! ಇದು ಯುರೋಪ್ ಕಡೆಯ ಹುಳ. 1992ರಲ್ಲಿ ನಿಮ್ಮ ಪಕ್ಕದ ಕೇಂಬ್ರಿಡ್ಜ್‌ನಲ್ಲಿ ಕಾಣಿಸಿಕೊಂಡಿತು. ಆ ಮುದ್ದೆ ಸಗಣಿಯೇ ಅನ್ನಿ. ಮರಿಹುಳಗಳು ತಮ್ಮ ಹಿಕ್ಕೆಯನ್ನೇ ಬೆನ್ನಿಗೆ ಹೊದ್ದುಕೊಂಡು ಕೂರುತ್ತವೆ. ಎಲೆ ಜಾಸ್ತಿ ತಿನ್ನುವುದೂ ಅವೇ.

ಸುಮ್ನೆ ಕೈ ಹಾಕಿದರೆ ದುಂಬಿ ಸಿಗುವುದಿಲ್ಲ. ಗಿಡ ಅಲುಗಿದರೆ ಸಾಕು, ಕೆಳಗೆ ಬಿದ್ದು ಅಂಗಾತ ಮಲಗುತ್ತದೆ. ಹೊಟ್ಟೆ ಕಪ್ಪು, ಮಣ್ಣಿನಲ್ಲಿ ಎಲ್ಲಿ ಹುಡುಕುತ್ತೀರಿ? ಅದಕ್ಕೇ ನಾನು ಹಳೆಯ ಮೊಸರಿನ ಡಬ್ಬಿಯಲ್ಲಿ ಸೋಪಿನ ನೀರು ಹಾಕಿ, ಎಲೆಯ ಕೆಳಗೆ ಹಿಡಿದು ಗಿಡ ಅಲುಗಿಸುತ್ತಿದ್ದೆ. ನೇರ ಒಳಗೆ! ಮೊಳಕೆ ಬಂದ ದಿನದಿಂದಲೇ ಶುರು ಮಾಡಿ. ಎಲೆಯಡಿ ಸಾಲಾಗಿ ಅಂಟಿದ ಕಿತ್ತಳೆ ಮೊಟ್ಟೆಗಳನ್ನು ಒರೆಸಿ ತೆಗೆಯಿರಿ.

ಬೇವಿನೆಣ್ಣೆ ಸ್ಪ್ರೇ ಸಣ್ಣ ಮರಿಗಳಿಗೆ ಮಾತ್ರ ನಾಟುತ್ತದೆ. ಸಂಜೆ ಹೊತ್ತು, ವಾರಕ್ಕೊಮ್ಮೆ ಹೊಡೆಯಿರಿ.

ರೋಡ್ ಐಲೆಂಡ್ ವಿಶ್ವವಿದ್ಯಾಲಯದವರು ಯುರೋಪಿನಿಂದ ಪುಟ್ಟ ಕಣಜಗಳನ್ನು ತಂದು ಬಿಟ್ಟಿದ್ದಾರೆ. ಅವು ಮರಿಹುಳದೊಳಗೇ ಮೊಟ್ಟೆ ಇಡುತ್ತವೆ. ಹಾಗಾಗಿ ಘಾಟು ವಿಷ ಹೊಡೆದು ಅವನ್ನೂ ಕೊಲ್ಲಬೇಡಿ.

ಬೇಸರವಾದರೆ ಡೇಲಿಲಿ ನೆಡಿ. ಹೆಸರಿಗಷ್ಟೇ ಲಿಲ್ಲಿ ಅಲ್ವಾ, ಈ ದುಂಬಿಗೆ ಅದು ಬೇಡ.